ಮಾಸ್ಟ್ರಿಗೊಂದು ಪ್ರಶ್ನೆ: ಟ್ಯೂನ್ ಯಾರದ್ದು, ಹೆಸರು ಯಾರದ್ದು?

ಪ್ರಶ್ನೆ: ಮಾಸ್ಟ್ರೇ, ನಾವು ಠಾಣೆಯ ನಾಲ್ವರು ಹುಡುಗರು. ಮೂವರ ಮನೆಮಾತು ಕನ್ನಡ, ಡ್ರಮ್ಮರ್ ಮರಾಠಿಯವನು. ಕಾಲೇಜಿನಿಂದಲೂ ಕನ್ನಡದಲ್ಲೇ ರಾಕ್ ಹಾಡು ಕಟ್ಟುತ್ತಿದ್ದೇವೆ. ಈಗ ಮೊದಲ ಹಾಡು ಬಿಡುಗಡೆಗೆ ಸಿದ್ಧವಾಗಿದೆ. ಅಪ್‌ಲೋಡ್ ಮಾಡುವ ಫಾರಂನಲ್ಲಿ ಗಾಯಕ ಸಾಹಿತ್ಯ, ಸಂಗೀತ ಎರಡಕ್ಕೂ ತನ್ನೊಬ್ಬನ ಹೆಸರನ್ನೇ ಹಾಕಿದ್ದಾನೆ. ಸಾಹಿತ್ಯ ಅವನದೇ, ಪಲ್ಲವಿಯ ರಾಗವೂ ಅವನದೇ. ಆದರೆ ಹಾಡು ಶುರುವಾಗುವ ಗಿಟಾರ್ ಟ್ಯೂನು, ಚರಣಗಳ ನಡುವೆ ತಿರುಗಿ ತಿರುಗಿ ಬರುವುದೂ ಅದೇ, ನಾನು ಮಾಡಿದ್ದು. ಕೇಳಿದರೆ "ನೀನು ನುಡಿಸಿದೆ, ಹಾಡು ಮಾಡಿದ್ದು ನಾನು" ಎನ್ನುತ್ತಾನೆ. ಬ್ಯಾಂಡ್ ಬಿಟ್ಟುಬಿಡಲೇ?
– ಗಿಟಾರಿಸ್ಟ್, ಠಾಣೆ

ಉತ್ತರ: ಬಿಡಬೇಡಿ. ಫಾರಂ ಸಲ್ಲಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಹಾಡು ಹೊರಗೆ ಬಿದ್ದ ಮೇಲೆ ಈ ಮಾತು ಎತ್ತಿದರೆ ದುಡ್ಡಿಗಾಗಿ ಎತ್ತಿದ ಹಾಗೆ ಕಾಣುತ್ತದೆ. ಬಿಡುಗಡೆಗೆ ಮೊದಲು ಎತ್ತಿದರೆ ಅದು ಬರೀ ಲೆಕ್ಕಾಚಾರ, ಯಾರ ಮನಸ್ಸೂ ಕೆಡಬೇಕಾಗಿಲ್ಲ.

ನಿಮ್ಮ ಗಾಯಕ ಹೇಳಿದ ಮಾತನ್ನೇ ಇಂಗ್ಲೆಂಡಿನ ಒಂದು ಬ್ಯಾಂಡಿನಲ್ಲಿ ಹೇಳಿದ್ದರು, ಅದು ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋಯಿತು. ಬ್ಯಾಂಡಿನ ಹೆಸರು ಪ್ರೋಕಲ್ ಹಾರಮ್. 1967ರಲ್ಲಿ ಅವರ 'ಎ ವೈಟರ್ ಶೇಡ್ ಆಫ್ ಪೇಲ್' ಬಂತು. ಸಂಗೀತ ಗ್ಯಾರಿ ಬ್ರೂಕರ್, ಸಾಹಿತ್ಯ ಕೀತ್ ರೀಡ್ ಎಂದು ಬರೆದರು. ಆ ಹಾಡನ್ನು ಒಮ್ಮೆ ಕೇಳಿ. ಮಾತು ಶುರುವಾಗುವ ಮೊದಲೇ ಹ್ಯಾಮಂಡ್ ಆರ್ಗನ್ ಎಂಬ ಕೀಬೋರ್ಡ್ ವಾದ್ಯದಲ್ಲಿ ಒಂದು ಉದ್ದನೆಯ ಟ್ಯೂನ್ ಬರುತ್ತದೆ. ಕೆಳಗೆ ಬೇಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿರುತ್ತದೆ, ಮೇಲೆ ಆರ್ಗನ್ ಜರ್ಮನಿಯ ಹಳೆಯ ಸಂಗೀತಕಾರ ಬಾಖ್‌ನ ಧಾಟಿಯಲ್ಲಿ ನಿಧಾನವಾಗಿ ಸುತ್ತುತ್ತಿರುತ್ತದೆ. ಗಾಯಕ ಬಾಯಿ ತೆರೆಯುವ ಹೊತ್ತಿಗೆ ಕೇಳುವವನು ಆಗಲೇ ಹಾಡಿನೊಳಗೆ ಇಳಿದಾಗಿದೆ. ಜನ ಆ ಹಾಡನ್ನು ಗುನುಗುವುದೂ ಅಲ್ಲಿಂದಲೇ. ಆ ಟ್ಯೂನ್ ಮಾಡಿದವರು ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್. ಅವರ ಹೆಸರು ಹಾಡಿನ ಕರ್ತೃಗಳಲ್ಲಿ ಇರಲಿಲ್ಲ.

ಫಿಶರ್ ದಾವೆ ಹಾಕಿದ್ದು 2005ರಲ್ಲಿ, ಅಂದರೆ 38 ವರ್ಷ ಕಳೆದ ಮೇಲೆ. 2006ರಲ್ಲಿ ಹೈಕೋರ್ಟ್ ಅವರನ್ನು ಸಹ ಸಂಯೋಜಕರೆಂದು ಒಪ್ಪಿ, ಸಂಗೀತದ ಹಕ್ಕಿನಲ್ಲಿ ಶೇಕಡಾ 40 ಪಾಲು ಕೊಟ್ಟಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ, ಸಂಯೋಜಕರು ಹೌದು, ಆದರೆ ಇಷ್ಟು ತಡವಾಗಿ ಬಂದದ್ದಕ್ಕೆ ದುಡ್ಡಿಲ್ಲ ಎಂದಿತು. 2009ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ಪಾಲನ್ನು ಮತ್ತೆ ಕೊಟ್ಟಿತು. ಹಕ್ಕು ಸಿಕ್ಕಿತು, ಆದರೆ ಹಿಂದಿನ 38 ವರ್ಷಗಳ ಗಳಿಕೆ ಸಿಗಲಿಲ್ಲ. ಜತೆಗೆ ನುಡಿಸಿದವರು ಕೋರ್ಟಿನ ಎರಡು ಬದಿಗೆ ಕೂತು ವರ್ಷಗಟ್ಟಲೆ ಕಳೆದರು. ನಿಮಗೆ ನಾಲ್ವರಿಗೂ ಅದು ಬೇಡ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಮ್ಮ ದೇಶದ ಕಾನೂನಿಗೆ ಬನ್ನಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ ಬೇರೆ ಕೃತಿ, ಸಂಗೀತ ಬೇರೆ ಕೃತಿ. ಹಾಗಾಗಿ ಸಾಹಿತ್ಯ ಬರೆದ ಮಾತ್ರಕ್ಕೆ ಸಂಗೀತವೂ ಅವನದಾಗುವುದಿಲ್ಲ. ಸಂಗೀತವನ್ನು ನೊಟೇಷನ್‌ನಲ್ಲಿ (ಸ್ವರಲಿಪಿಯಲ್ಲಿ) ಬರೆದಿರಬೇಕು ಎಂದೂ ಇಲ್ಲ, ರಚಿಸಿದವನೇ ಸಂಯೋಜಕ. ಬೇರ್ಪಡಿಸಲು ಬಾರದಂತೆ ಇಬ್ಬರು ಸೇರಿ ಮಾಡಿದರೆ ಅದು ಜಂಟಿ ಕೃತಿ. ನಿಮ್ಮ ಟ್ಯೂನ್ ಹಾಡಿನ ಉದ್ದಕ್ಕೂ ಬರುತ್ತದೆ ಎಂದು ಬರೆದಿದ್ದೀರಿ, ಅದೇ ನಿಮ್ಮ ಬಲ. ಅವನು ಹಾಡಿದ ರಾಗಕ್ಕೆ ನೀವು ಗಿಟಾರಿನಲ್ಲಿ ಬರೀ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಹಾಗಂತ ನುಡಿಸಿದವನು ಏನೂ ಅಲ್ಲವೆಂದಲ್ಲ. 2012ರ ತಿದ್ದುಪಡಿಯ ನಂತರ ಕಲಾವಿದನಿಗೆ ತನ್ನ ನುಡಿಸಾಣಿಕೆಗೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕೂ ಕಾಯ್ದೆಯಲ್ಲಿದೆ. ಡ್ರಮ್ಮರ್ ಮತ್ತು ಬೇಸ್ ಹುಡುಗನಿಗೆ ಈ ಸಾಲು ಓದಿ ಹೇಳಿ.

ಮಾಡಬೇಕಾದದ್ದು ಇಷ್ಟೇ. ಫೋನಿನಲ್ಲಿ ಹಳೆಯ ರೆಕಾರ್ಡಿಂಗ್‌ಗಳು ಇದ್ದೇ ಇರುತ್ತವೆ. ಜ್ಯಾಮ್ ರೂಮಿನಲ್ಲಿ ಮೊದಲ ಸಲ ಆ ಟ್ಯೂನ್ ನುಡಿಸಿದ ದಿನದ ಫೈಲ್ ಹುಡುಕಿ, ತಾರೀಖು ಅಳಿಯದ ಹಾಗೆ ಎರಡು ಕಡೆ ಇಟ್ಟುಕೊಳ್ಳಿ. ಆಮೇಲೆ ಗಾಯಕನ ಜತೆ ಒಬ್ಬರೇ ಕೂತು ಮಾತಾಡಿ. ವಾಟ್ಸಾಪ್ ಗ್ರೂಪಿನಲ್ಲಿ ಬೇಡ. ನಾಲ್ವರ ಎದುರು ಒಮ್ಮೆ ಇಲ್ಲ ಎಂದವನಿಗೆ ಆಮೇಲೆ ಹೌದು ಎನ್ನುವುದು ಕಷ್ಟ. "ಸಾಹಿತ್ಯ ಪೂರ್ತಿ ನಿನ್ನದು, ಅದರಲ್ಲಿ ನನಗೆ ಪಾಲು ಬೇಡ. ಸಂಗೀತದಲ್ಲಿ ಇಬ್ಬರ ಹೆಸರೂ ಇರಲಿ" ಎಂದು ಶುರುಮಾಡಿ. ಒಪ್ಪಿದರೆ ಅವತ್ತೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಯಾರಿಗೆ ಯಾವುದರಲ್ಲಿ ಎಷ್ಟು ಶೇಕಡಾ, ತಾರೀಖು, ನಾಲ್ವರ ಸಹಿ. ಸ್ಟುಡಿಯೋದವರು ಇದನ್ನು ಸ್ಪ್ಲಿಟ್ ಶೀಟ್ ಎನ್ನುತ್ತಾರೆ. ಮುಂದೆ ಹಾಡು ಬರೆದವರಿಗೆ, ಸಂಯೋಜಕರಿಗೆ ರಾಯಲ್ಟಿ ಸಂಗ್ರಹಿಸಿ ಕೊಡುವ ಮುಂಬೈಯ ಐಪಿಆರ್‌ಎಸ್ ಸಂಸ್ಥೆಯಲ್ಲಿ ಹಾಡು ನೋಂದಾಯಿಸುವಾಗ ಆ ಶೇಕಡಾ ಲೆಕ್ಕವನ್ನೇ ಕೊಡಬೇಕಾಗುತ್ತದೆ.

ಇನ್ನೊಂದು ಮಾತು. ಸ್ಟೇಜ್ ಶೋಗಳ ದುಡ್ಡಿನ ಬಗ್ಗೆಯೂ ಇದೇ ಹಾಳೆಯಲ್ಲಿ ಬರೆದುಬಿಡಿ. ದಿ ಸ್ಮಿತ್ಸ್ ಬ್ಯಾಂಡಿನ ಡ್ರಮ್ಮರ್ ಮೈಕ್ ಜಾಯ್ಸ್ 1996ರಲ್ಲಿ ಕೋರ್ಟಿನಲ್ಲಿ ಗೆದ್ದದ್ದು ಬರಹ ಇಲ್ಲದ್ದರಿಂದ. ಹಾಡು ಬರೆದ ದುಡ್ಡು ಗಾಯಕ ಮಾರಿಸ್ಸಿ ಮತ್ತು ಗಿಟಾರಿಸ್ಟ್ ಜಾನಿ ಮಾರ್ ಅವರದೇ ಆಗಿತ್ತು, ಅದನ್ನು ಜಾಯ್ಸ್ ಕೇಳಲೂ ಇಲ್ಲ. ಆದರೆ ರೆಕಾರ್ಡಿಂಗ್ ಮತ್ತು ಪ್ರದರ್ಶನದ ಗಳಿಕೆಯಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆ ಸಮಪಾಲು ಎಂಬ ಕಾನೂನಿನ ಪ್ರಕಾರ ಅವರಿಗೆ ನಾಲ್ಕನೇ ಒಂದು ಭಾಗ ಸಿಕ್ಕಿತು. ನಮ್ಮ 1932ರ ಪಾಲುದಾರಿಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ನಿಮ್ಮ ಗಾಯಕ ಬುದ್ಧಿವಂತನಾದರೆ ಬರೆದಿಡುವುದು ಅವನಿಗೂ ರಕ್ಷಣೆ ಎಂದು ಅವನಿಗೆ ಅರ್ಥವಾಗುತ್ತದೆ.

ಎಷ್ಟು ಹೇಳಿದರೂ ಅವನು ಒಪ್ಪದಿದ್ದರೆ? ಆಗ ಆ ಟ್ಯೂನ್ ಇಲ್ಲದೆ ಹಾಡು ಬಿಡುಗಡೆ ಮಾಡು ಎಂದು ಕೇಳಿ. ಅದು ಬೆದರಿಕೆಯಲ್ಲ. ಟ್ಯೂನ್ ತೆಗೆದು ಒಮ್ಮೆ ಹಾಡಿ ನೋಡಿದರೆ ಅದು ಹಾಡಿನ ಭಾಗವೋ ಅಲ್ಲವೋ ಎಂದು ಅವನ ಕಿವಿಯೇ ಹೇಳುತ್ತದೆ.

ಪ್ರಶ್ನೆ: ಬೀಟಲ್ಸ್ ಹಾಡುಗಳಲ್ಲಿ ಯಾವಾಗಲೂ ಲೆನನ್–ಮೆಕಾರ್ಟ್ನಿ ಎಂದೇ ಇರುತ್ತದಲ್ಲ, ಎಲ್ಲ ಹಾಡನ್ನೂ ಇಬ್ಬರೂ ಕೂತು ಬರೆದರೇ?
– ಕಾಲೇಜು ಉಪನ್ಯಾಸಕಿ, ಮಡಗಾಂವ್

ಉತ್ತರ: ಇಲ್ಲ ಮೇಡಂ. ಹುಡುಗರಾಗಿದ್ದಾಗಲೇ ಇಬ್ಬರೂ ಮಾಡಿಕೊಂಡ ಒಪ್ಪಂದ ಅದು: ಯಾರೇ ಬರೆಯಲಿ, ಹೆಸರು ಇಬ್ಬರದೂ ಇರಲಿ. 1965ರ 'ಯೆಸ್ಟರ್‌ಡೇ' ಪೂರ್ತಿ ಮೆಕಾರ್ಟ್ನಿಯದು. ಅದರಲ್ಲಿ ಲೆನನ್ ನುಡಿಸಿಯೂ ಇಲ್ಲ, ಗಿಟಾರ್ ಹಿಡಿದು ಹಾಡಿದ ಮೆಕಾರ್ಟ್ನಿಯ ಜತೆ ಇರುವುದು ತಂತಿವಾದ್ಯಗಳ ನಾಲ್ವರು ಮಾತ್ರ. ಆದರೂ ಹೆಸರು ಇಬ್ಬರದು. 2002ರಲ್ಲಿ ಮೆಕಾರ್ಟ್ನಿ ತಮ್ಮ ಲೈವ್ ಆಲ್ಬಮ್ಮಿನಲ್ಲಿ ಕೆಲವು ಹಾಡುಗಳಿಗೆ ತಮ್ಮ ಹೆಸರನ್ನು ಮೊದಲು ಹಾಕಿದಾಗ ಲೆನನ್‌ರ ಪತ್ನಿ ಯೋಕೊ ಓನೊ ಆಕ್ಷೇಪಿಸಿದರು. ಕೋಟ್ಯಂತರ ದುಡ್ಡಿದ್ದವರಿಗೂ ಹೆಸರಿನ ಹಿಂದುಮುಂದು ನೋವು ಕೊಡುತ್ತದೆ ಎಂದರೆ, ನಮ್ಮ ಹುಡುಗರಿಗೆ ಅದು ಕ್ಷುಲ್ಲಕ ಎಂದು ಹೇಳಲು ನನಗೆ ಮನಸ್ಸಿಲ್ಲ.

ಆ ಒಪ್ಪಂದ ಆ ಇಬ್ಬರ ಮಟ್ಟಿಗೆ ಒಳ್ಳೆಯದೇ ಆಯಿತು. ನಿನ್ನ ಹಾಡಿನ ಒಂದು ಸಾಲು ನಾನು ತಿದ್ದಿದರೆ ನನಗೇನು ಸಿಗುತ್ತದೆ ಎಂಬ ಲೆಕ್ಕ ಅಲ್ಲಿ ಹುಟ್ಟಲೇ ಇಲ್ಲ, ಆದ್ದರಿಂದ ಒಬ್ಬರದನ್ನೊಬ್ಬರು ಧೈರ್ಯವಾಗಿ ತಿದ್ದಿದರು. ಪೆಟ್ಟು ಬಿದ್ದದ್ದು ಮೂರನೆಯವರಿಗೆ. ಜಾರ್ಜ್ ಹ್ಯಾರಿಸನ್ ಹಾಡು ತಂದರೆ ಆಲ್ಬಮ್ಮಿನಲ್ಲಿ ಒಂದೋ ಎರಡೋ ಜಾಗ. 1969ರ ಜನವರಿಯಲ್ಲಿ ಅವರು ತಾಲೀಮಿನಿಂದ ಎದ್ದು ಹೋಗಿ ಕೆಲವು ದಿನ ಬರಲೇ ಇಲ್ಲ. ಅದೇ ವರ್ಷದ 'ಸಮ್‌ಥಿಂಗ್' ಅವರದು, ಬೀಟಲ್ಸ್ ಸಿಂಗಲ್ (ಎರಡು ಮಗ್ಗುಲಿಗೂ ಒಂದೊಂದು ಹಾಡಿರುವ ಪ್ಲೇಟ್) ಒಂದರ ಮೊದಲ ಮಗ್ಗುಲಲ್ಲಿ ಬಂದ ಅವರ ಮೊದಲ ಹಾಡು. ಬ್ಯಾಂಡ್ ಒಡೆದ 1970ರಲ್ಲೇ ಅವರು ಒಟ್ಟಿಗೆ ಮೂರು ಎಲ್‌ಪಿಗಳ ಆಲ್ಬಮ್ ತಂದರು. ಅದರೊಳಗಿನ ಎಷ್ಟೋ ಹಾಡುಗಳು ಬ್ಯಾಂಡಿನಲ್ಲಿ ಜಾಗ ಸಿಗದೆ ಉಳಿದವು. ಪ್ರತಿಭೆ ಇದ್ದವನನ್ನು ವರ್ಷಗಟ್ಟಲೆ ಮೂಲೆಯಲ್ಲಿ ಕೂರಿಸಿದ್ದು ನನ್ನ ದೃಷ್ಟಿಯಲ್ಲಿ ಆ ಬ್ಯಾಂಡಿನ ದೊಡ್ಡ ಅನ್ಯಾಯ.

ಪ್ರಶ್ನೆ: ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಂಚಗನಿಯಲ್ಲಿ ಓದಿದ್ದು ನಿಜವೇ? ಕ್ವೀನ್ ಬ್ಯಾಂಡಿನವರಿಗೆ ಇಂಥ ಜಗಳ ಇರಲಿಲ್ಲವೇ?
– ಕೋಥ್ರೂಡ್, ಪುಣೆ

ಉತ್ತರ: ನಿಜ. ನಿಮ್ಮೂರಿನಿಂದ ನೂರು ಕಿಲೋಮೀಟರಿನ ಆಸುಪಾಸು ದೂರದ ಸೇಂಟ್ ಪೀಟರ್ಸ್ ಶಾಲೆ. ಆಗ ಅವರು ಫರೂಖ್ ಬಲ್ಸಾರಾ. ಅಲ್ಲಿ ಗೆಳೆಯರ ಜತೆ ದಿ ಹೆಕ್ಟಿಕ್ಸ್ ಎಂಬ ಬ್ಯಾಂಡ್ ಕಟ್ಟಿ ಪಿಯಾನೋ ನುಡಿಸುತ್ತಿದ್ದರು.

ಜಗಳ ಇತ್ತು. ಕ್ವೀನ್‌ನಲ್ಲಿ ನಾಲ್ವರೂ ಹಾಡು ಬರೆಯುವವರು, ಬರೆದವನ ಹೆಸರೇ ಹಾಡಿಗೆ. 1975ರ 'ಬೊಹೀಮಿಯನ್ ರಾಪ್ಸಡಿ' ಫ್ರೆಡ್ಡಿಯದು. ಅದರ ಹಿಂದಿನ ಮಗ್ಗುಲಿಗೆ ಡ್ರಮ್ಮರ್ ರೋಜರ್ ಟೇಲರ್ ತಮ್ಮ ಹಾಡೊಂದನ್ನು ಹಟ ಹಿಡಿದು ಹಾಕಿಸಿದರು. ಪ್ಲೇಟ್ ಕೊಂಡವರೆಲ್ಲ ಎರಡು ಮಗ್ಗುಲನ್ನೂ ಕೊಂಡಂತೆ, ಆದ್ದರಿಂದ ಆ ಮಾರಾಟದಲ್ಲಿ ಇಬ್ಬರಿಗೂ ಸಮ ರಾಯಲ್ಟಿ. ಉಳಿದವರಿಗೆ ಇದು ಎಷ್ಟು ಕಾಲ ಚುಚ್ಚಿರಬೇಕು! ಕೊನೆಗೆ 1989ರ 'ದಿ ಮಿರಾಕಲ್' ಆಲ್ಬಮ್ಮಿನಿಂದ ಯಾರು ಬರೆದರೂ ಹೆಸರು ಕ್ವೀನ್ ಎಂದೇ ಹಾಕಿದರು. ಯಾವ ಹಾಡು ಸಿಂಗಲ್ ಆಗಬೇಕು ಎಂದು ಕೂತಾಗ ತನ್ನ ಜೇಬು ನೋಡದೆ ಹಾಡು ನೋಡುವುದು ಅದರಿಂದ ಸುಲಭವಾಯಿತು. ಇನ್ನು ಸ್ವಲ್ಪ ಬೇಗ ಮಾಡಿದ್ದರೆ ಎನಿಸುತ್ತದೆ. ಎರಡೇ ವರ್ಷಕ್ಕೆ ಫ್ರೆಡ್ಡಿ ತೀರಿಕೊಂಡರು.

ಪ್ರಶ್ನೆ: ಮಗನ ಬ್ಯಾಂಡ್ ನಮ್ಮ ಮನೆಯಲ್ಲೇ ತಾಲೀಮು ಮಾಡುತ್ತದೆ. ನುಡಿಸುವುದಕ್ಕಿಂತ ಕಿರುಚಾಡುವುದೇ ಜಾಸ್ತಿ. ನಿಲ್ಲಿಸಿಬಿಡಲೇ?
– ತಾಯಿ, ಡೊಂಬಿವಲಿ

ಉತ್ತರ: ಅಮ್ಮಾ, ಏನೆಂದು ಕಿರುಚಾಡುತ್ತಾರೆ ಎಂದು ಕಿವಿಗೊಟ್ಟು ಕೇಳಿ. "ಇಲ್ಲಿ ಡ್ರಮ್ಸ್ ಬೇಡ", "ಈ ಸಾಲು ಚೆನ್ನಾಗಿಲ್ಲ" ಎಂದಾದರೆ ಚಹಾ ಮಾಡಿಕೊಟ್ಟು ಬಾಗಿಲು ಹಾಕಿಕೊಳ್ಳಿ. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಮತ್ತು ಡೇವಿಡ್ ಗಿಲ್ಮೋರ್ 1979ರಲ್ಲಿ 'ಕಂಫರ್ಟಬ್ಲಿ ನಂಬ್' ಹಾಡಿಗೆ ಎರಡು ಬಗೆಯ ರೆಕಾರ್ಡಿಂಗ್ ಇಟ್ಟುಕೊಂಡು ಜಗಳವಾಡಿದರು. ಕಡೆಗೆ ಎರಡರಿಂದಲೂ ಭಾಗಗಳನ್ನು ತೆಗೆದು ಜೋಡಿಸಿದರು. ಒಬ್ಬರೇ ಗೆದ್ದಿದ್ದರೆ ಆ ಹಾಡು ಅಷ್ಟು ಎತ್ತರಕ್ಕೆ ಹೋಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ "ಇದು ನನ್ನ ಬ್ಯಾಂಡ್, ಇಷ್ಟವಿಲ್ಲದವರು ಹೊರಡಿ" ಎಂಬ ಮಾತು ಕೇಳಿಬಂದರೆ ಮಗನನ್ನು ಊಟಕ್ಕೆ ಕೂರಿಸಿ ವಿಚಾರಿಸಿ. ಆ ಹಾಡಿದ್ದ ಆಲ್ಬಮ್ಮಿನ ಕೆಲಸದಲ್ಲೇ ಅವರು ಕೀಬೋರ್ಡಿನ ರಿಚರ್ಡ್ ರೈಟ್‌ರನ್ನು ಹೊರಹಾಕಿದರು. ಆರಂಭದಿಂದ ಜತೆಗಿದ್ದವರು ಆಮೇಲಿನ ಕಛೇರಿಗಳಲ್ಲಿ ಸಂಬಳದ ಆಳಾಗಿ ನುಡಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಉಳಿದವರೂ ವಕೀಲರ ಮೂಲಕ ಮಾತಾಡತೊಡಗಿದರು.

ಪ್ರಶ್ನೆ: ನಮ್ಮ ಮನೆ ಮಾಲೀಕರ ತಂದೆ ಗೋವಾದವರು. ಹಿಂದೆ ಮುಂಬೈಯ ಸಿನಿಮಾ ಹಾಡುಗಳಿಗೆ ಪಿಟೀಲು ನುಡಿಸುತ್ತಿದ್ದರಂತೆ. ಎಲ್ಲಿಯೂ ಅವರ ಹೆಸರಿಲ್ಲ. ಏನಾದರೂ ಮಾಡಬಹುದೇ?
– ವಾಸ್ಕೋ

ಉತ್ತರ: ಈ ಪತ್ರ ಓದಿ ಸುಮ್ಮನೆ ಕೂತೆ. ನಾನೂ ಸ್ಟುಡಿಯೋಗಳಲ್ಲಿ ಕೀಬೋರ್ಡ್ ನುಡಿಸಿ ಹೊಟ್ಟೆ ಹೊರೆದವನು, ಇಂಥ ಹಿರಿಯರ ಪಕ್ಕದಲ್ಲಿ ಕೂತು ಕಲಿತವನು. ಹಿಂದಿ ಸಿನಿಮಾದ ವಾದ್ಯಗೋಷ್ಠಿಯನ್ನು ಹೆಗಲ ಮೇಲೆ ಹೊತ್ತವರಲ್ಲಿ ಬಹಳ ಮಂದಿ ಗೋವಾದವರು. ಸಂಗೀತ ನಿರ್ದೇಶಕರು ಹಾರ್ಮೋನಿಯಂನಲ್ಲಿ ರಾಗ ಹೇಳುತ್ತಿದ್ದರು. ಹತ್ತಾರು ಪಿಟೀಲು, ಚೆಲ್ಲೋ, ಟ್ರಂಪೆಟ್‌ಗೆ ಅದನ್ನು ಹಂಚಿ, ಯಾರು ಎಲ್ಲಿ ಏನು ನುಡಿಸಬೇಕೆಂದು ಸ್ಟಾಫ್ ನೊಟೇಷನ್ ಎಂಬ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಡುವವರು ಅರೇಂಜರ್. ಶಂಕರ್–ಜೈಕಿಶನ್ ಜತೆ ಸೆಬಾಸ್ಟಿಯನ್ ಡಿಸೋಜಾ ಮಾಡಿದ ಕೆಲಸ ಅದು. ಗೋವಾದ ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್, ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದ ಗುರು. 1977ರಲ್ಲಿ ಶಿಷ್ಯ ಗುರುವಿನ ಹೆಸರನ್ನು ಒಂದು ಹಾಡಿನಲ್ಲೇ ತಂದರು, ದೇಶವೆಲ್ಲ ಹಾಡಿತು. ಅದು ನಿಜವಾದ ಒಬ್ಬ ಸಂಗೀತಗಾರನ ಹೆಸರೆಂದು ತಿಳಿದವರು ಕಡಿಮೆ.

ಲಂಡನ್ನಿನಲ್ಲೂ ಇಂಥದ್ದು ನಡೆದಿದೆ. 1973ರಲ್ಲಿ ಒಂದು ಭಾನುವಾರ ಕ್ಲೇರ್ ಟೋರಿ ಎಂಬ ಗಾಯಕಿ ಪಿಂಕ್ ಫ್ಲಾಯ್ಡ್ ಹಾಡೊಂದಕ್ಕೆ ಮಾತೇ ಇಲ್ಲದ ಆಲಾಪ ಹಾಡಿ 30 ಪೌಂಡ್ ಪಡೆದು ಮನೆಗೆ ಹೋದರು. 2004ರಲ್ಲಿ ದಾವೆ ಹಾಕಿದರು, ಮರುವರ್ಷ ರಾಜಿಯಾಯಿತು. ಈಗ ಆ ಹಾಡಿನ ಕರ್ತೃಗಳಲ್ಲಿ, ಮೇಲೆ ಹೇಳಿದ ಕೀಬೋರ್ಡಿನ ರಿಚರ್ಡ್ ರೈಟ್ ಹೆಸರಿನ ಪಕ್ಕ ಅವರ ಹೆಸರೂ ಇದೆ.

ನಿಮ್ಮ ಹಿರಿಯರ ವಿಷಯದಲ್ಲಿ ಹಣ ಬರುತ್ತದೆಂದು ಆಸೆ ಹುಟ್ಟಿಸಲಾರೆ. ಅವತ್ತಿನ ಕೂಲಿಗೆ ಕೆಲಸ ಅಲ್ಲಿಗೇ ಮುಗಿಯಿತು ಎಂಬ ಕಾಲ ಅದು. ಹೆಸರಿನ ಕೆಲಸ ಮಾತ್ರ ಈಗಲೂ ಆಗುತ್ತದೆ. ಅವರು ಬದುಕಿದ್ದರೆ ಈ ವಾರವೇ ಫೋನ್ ಹಿಡಿದು ಹೋಗಿ. ಹಾಡುಗಳನ್ನು ಒಂದೊಂದಾಗಿ ಕೇಳಿಸಿ, ಎಲ್ಲಿ ನುಡಿಸಿದರು, ಅರೇಂಜರ್ ಯಾರು, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಕೇಳಿ ರೆಕಾರ್ಡ್ ಮಾಡಿ. ಸಂಬಳದ ಚೀಟಿ, ವಾದ್ಯಗಾರರ ಸಂಘದ ಗುರುತುಚೀಟಿ, ಕೈಬರಹದ ನೊಟೇಷನ್ ಹಾಳೆ ಇದ್ದರೆ ಫೋಟೋ ತೆಗೆದುಕೊಳ್ಳಿ. ತೀರಿಕೊಂಡಿದ್ದರೆ ಹಳೆಯ ಟ್ರಂಕು, ಪಿಟೀಲಿನ ಪೆಟ್ಟಿಗೆ ತೆರೆದು ನೋಡಲು ಮನೆಯವರಿಗೆ ಹೇಳಿ, ಹಾಳೆಗಳು ಅಂಥ ಕಡೆಯೇ ಸಿಗುವುದು. ಮನೆಯವರ ಒಪ್ಪಿಗೆಯಿದ್ದರೆ ಪ್ರತಿಗಳನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನೊಟೇಷನ್ ಓದಿ ಯಾವ ಹಾಡೆಂದು ಗುರುತಿಸುವ ಕೆಲಸ ನಾನು ಮಾಡಿಕೊಡುತ್ತೇನೆ.