ಧನ್ಯವಾದದ ಪತ್ರ ಬರೆಯಲಾಗದ ಉದ್ಯಮಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಿರಲೆಂದು ವಯಸ್ಸು, ಕುಟುಂಬದ ವಿವರ, ವ್ಯವಹಾರದ ಪ್ರಮಾಣ ಇವುಗಳನ್ನು ಬದಲಿಸಿದ್ದು, ಸಮಸ್ಯೆಯ ಎಳೆಯನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ.

ನಲವತ್ತರ ಆಸುಪಾಸಿನ ಆ ಮಹಿಳೆ ಮೊದಲ ಸಲ ನನ್ನ ಕೋಣೆಗೆ ಬಂದಾಗ ಅವರ ಕೈಯಲ್ಲಿ ಎರಡು ಊಟದ ಡಬ್ಬಿಗಳಿದ್ದವು. ಒಂದು ನನಗೆ, ಇನ್ನೊಂದು ಹೊರಗೆ ಕುಳಿತು ಭೇಟಿಯ ಸಮಯ ಗೊತ್ತುಮಾಡುವ ನಮ್ಮ ಸಹಾಯಕಿಗೆ. ಸಲಹೆಗೆ ಬಂದವರಿಂದ ನಾನು ಉಡುಗೊರೆಯಾಗಿ ಏನನ್ನೂ ಪಡೆಯುವುದಿಲ್ಲವೆಂದು ವಿವರಿಸಿದಾಗ ಅವರು ಬೇಸರಪಡಲಿಲ್ಲ, ಗಾಬರಿಪಟ್ಟರು. "ಹಾಗಾದರೆ ನಿಮ್ಮ ಸಮಯಕ್ಕೆ ನಾನೇನು ಕೊಡಲಿ?" ಎಂದು ಕೇಳಿದರು. ಶುಲ್ಕವನ್ನು ಅವರು ಅದಾಗಲೇ ಕಟ್ಟಿಯಾಗಿತ್ತು. ಆ ಪ್ರಶ್ನೆಯನ್ನು ಸೌಜನ್ಯದ ಮಾತೆಂದು ಭಾವಿಸಿ ನಾನು ಅಲ್ಲಿಗೇ ಬಿಟ್ಟೆ. ಅವರ ಇಡೀ ತೊಂದರೆ ಆ ಒಂದು ವಾಕ್ಯದಲ್ಲೇ ಇತ್ತು ಎಂಬುದು ನನಗೆ ಹೊಳೆಯಲು ಮೂರು ವಾರ ಬೇಕಾಯಿತು.

ಅವರದು ಮನೆಯ ಅಡುಗೆಕೋಣೆಯಲ್ಲಿ ಶುರುವಾಗಿ, ಮುಂದೆ ಬಾಡಿಗೆಯ ಜಾಗವೊಂದಕ್ಕೆ ಬೆಳೆದ ಚಿಕ್ಕ ಉದ್ಯಮ. ವಾರದ ಐದು ದಿನ, ಉದ್ಯೋಗಸ್ಥರಿಗೆ ಮಧ್ಯಾಹ್ನದ ಊಟದ ಡಬ್ಬಿಗಳನ್ನು ಕಳುಹಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿಗಳು, ಅಂದರೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಮತ್ತು ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ ಎಂಬವು, ಅವರ ಅಡುಗೆಕೋಣೆಯ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿದ್ದವಂತೆ. ಉಪ್ಪನ್ನು ಅಂದಾಜಿನಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತಿದ್ದರು. ನಾಲ್ಕು ವರ್ಷ ಹೀಗೆ ನಡೆದಿತ್ತು. ಪ್ರತಿ ವರ್ಷ ಉದ್ಯಮದ ಹುಟ್ಟುದಿನದಂದು, ಆ ವರ್ಷ ತಾವು ಕಲಿತದ್ದೇನು, ಯಾರಿಗೆ ಕೃತಜ್ಞರು ಎಂಬುದನ್ನು ಒಂದು ಪತ್ರವಾಗಿ ಬರೆದು ಡಬ್ಬಿಗಳ ಜೊತೆ ಕಳುಹಿಸುವುದು ಅವರ ರೂಢಿ. ಮೊದಲ ಮೂರು ಪತ್ರಗಳನ್ನು ಒಂದೇ ಕೂರಿಕೆಯಲ್ಲಿ ಬರೆದಿದ್ದರು. ನಾಲ್ಕನೆಯ ವರ್ಷ ರಾತ್ರಿಯೆಲ್ಲ ಕುಳಿತರೂ "ನಿಮ್ಮೆಲ್ಲರಿಗೂ ನಾನು ಋಣಿ" ಎಂಬ ಸಾಲಿನಾಚೆ ಪೆನ್ನು ಸರಿಯಲಿಲ್ಲ. ಬೆಳಗ್ಗೆ ಅದನ್ನು ಹರಿದು ಹಾಕಿ, ಪತ್ರವಿಲ್ಲದೆಯೇ ಡಬ್ಬಿಗಳನ್ನು ಕಳುಹಿಸಿದರು. ಅಂದಿನಿಂದ ನಿದ್ದೆ ಸರಿಯಾಗಿಲ್ಲ, ಕೆಲಸಗಾರರ ಮೇಲೆ ರೇಗಾಟ, ಗ್ರಾಹಕರ ಫೋನ್ ಬಂದರೆ ಎದೆ ಧಸಕ್ಕೆನ್ನುವುದು. ಆದರೆ ತಮ್ಮ ತೊಂದರೆಗೆ ಅವರು ಇಟ್ಟುಕೊಂಡಿದ್ದ ಹೆಸರು ಬೇರೆ. "ನನ್ನಲ್ಲಿ ಕೃತಜ್ಞತೆ ಬತ್ತಿಹೋಗಿದೆ, ನಾನು ಕೃತಘ್ನಳಾಗುತ್ತಿದ್ದೇನೆ" ಎಂದರು.

ಮೊದಲ ಭೇಟಿಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸವೆಂದರೆ ಅವರನ್ನು ವೈದ್ಯರಲ್ಲಿಗೆ ಕಳುಹಿಸಿದ್ದು. ನಿದ್ರಾಹೀನತೆ, ಸುಸ್ತು, ಎದೆಬಡಿತ ಇವುಗಳಿಗೆ ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಕಾರಣವಾಗಿರಬಹುದಾದ್ದರಿಂದ, ಅದನ್ನು ತಿಳಿಯದೆ ಮನಸ್ಸಿನ ಮಾತಿಗೆ ಇಳಿಯುವುದು ಸರಿಯಲ್ಲ. ತಪಾಸಣೆಯಲ್ಲಿ ರಕ್ತಹೀನತೆ ಸ್ವಲ್ಪ ಮಟ್ಟಿಗೆ ಇತ್ತು. ದಿನಕ್ಕೆ ನೂರಾರು ಮಂದಿಯ ಊಟವನ್ನು ತೂಗಿ ಅಳೆದು ಕಳುಹಿಸುವವರು, ತಾವು ಸಂಜೆ ನಾಲ್ಕರ ಹೊತ್ತಿಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿನ್ನುತ್ತಿದ್ದರು. ಕಬ್ಬಿಣಾಂಶದ ಮಾತ್ರೆಯ ಜೊತೆಗೆ, ಮೊದಲ ಡಬ್ಬಿ ತಮ್ಮದಾಗಬೇಕು ಮತ್ತು ಅದನ್ನು ಕುಳಿತು ತಿನ್ನಬೇಕು ಎಂಬ ನಿಯಮವನ್ನು ಅವರು ಒಪ್ಪಿಕೊಂಡರು. ಇದೊಂದನ್ನು ಪಾಲಿಸುವುದೇ ಅವರಿಗೆ ತುಂಬ ಕಷ್ಟವಾಯಿತು ಎಂದು ಆಮೇಲೆ ಹೇಳಿದರು.

ತಪ್ಪಾಗಿ ಮಾಡಿದ ಕೆಲಸವನ್ನೂ ಹೇಳಬೇಕು. ಕೃತಜ್ಞತೆ ಬತ್ತಿದೆ ಎಂಬ ಅವರ ನಿದಾನವನ್ನು ನಾನು ಹಾಗೆಯೇ ನಂಬಿ, ಕೃತಜ್ಞತೆಯ ದಿನಚರಿ ಬರೆಯಲು ಸೂಚಿಸಿದೆ. ಇದಕ್ಕೆ ಆಧಾರವಿಲ್ಲದಿಲ್ಲ. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರಗಳ ಕಾಲ ವಾರಕ್ಕೊಮ್ಮೆ ತಾವು ಕೃತಜ್ಞರಾಗಿರುವ ಐದು ವಿಷಯಗಳವರೆಗೆ ಬರೆದವರು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದ್ದರು. ಅಂದಿನಿಂದ ಈ ಅಭ್ಯಾಸ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಕೊಡುವ ಕಷಾಯದಂತಾಗಿದೆ. ಈ ಸಲಹಾರ್ಥಿ ಎರಡು ವಾರ ಬಿಡದೆ ಬರೆದರು, ಇನ್ನಷ್ಟು ಕುಗ್ಗಿಹೋದರು.

ಮೂರನೆಯ ಭೇಟಿಗೆ ಆ ಪುಸ್ತಕವನ್ನು ತಂದಿದ್ದರು. ತೆರೆದು ನೋಡಿದರೆ, ನಾನು ಹೇಳದಿದ್ದರೂ ಪ್ರತಿ ಪುಟದ ನಡುವೆ ಅಡಿಪಟ್ಟಿ ಇಟ್ಟು ಒಂದು ಗೆರೆ ಎಳೆದಿದ್ದರು. ಎಡಕ್ಕೆ ಹೆಸರು ಮತ್ತು ಉಪಕಾರ, ಬಲಕ್ಕೆ ಅದಕ್ಕೆ ಪ್ರತಿಯಾಗಿ ತಾವು ಮಾಡಬೇಕಾದದ್ದು. ಮೊದಲ ತಿಂಗಳು ಯಾರೂ ನಂಬದಿದ್ದಾಗ ಮುಂಗಡ ಕೊಟ್ಟ ಮೂವತ್ತು ಮಂದಿ. ಅವರಿಗೆ ಇಂದಿಗೂ ಮೊದಲ ದಿನದ ಬೆಲೆ. ಸಾಲದ ಮೇಲೆ ತರಕಾರಿ ಕೊಟ್ಟ ವ್ಯಾಪಾರಿ. ಅವನು ಬಾಡಿದ್ದನ್ನು ಕೊಟ್ಟರೂ ಮರಳಿಸುವಂತಿಲ್ಲ. ಬಂಡವಾಳ ಹಾಕಿದ ಬಂಧು. ಅವರು ಹೇಳಿದವರನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕು. ಬಲಗಡೆಯ ಕಾಲಂ ಎಲ್ಲೂ ಖಾಲಿ ಇರಲಿಲ್ಲ. ಮೊದಲ ದಿನದ ಎರಡು ಡಬ್ಬಿಗಳು ಆಗ ನನ್ನ ನೆನಪಿಗೆ ಬಂದವು.

ಕನ್ನಡದಲ್ಲಿ ಇದಕ್ಕೆ ಬೇರೆಯದೇ ಪದವಿದೆ, ಹಂಗು. ನಾನು ಅದನ್ನು ಅವರ ಮುಂದೆ ಇಟ್ಟೆ. ಕೃತಜ್ಞತೆಯಲ್ಲಿ ಮನಸ್ಸು ಉಪಕಾರ ಮಾಡಿದವರ ಕಡೆಗೆ ತಾನಾಗಿ ವಾಲುತ್ತದೆ. ಹಂಗಿನಲ್ಲಿ ಅದೇ ಜನ ಎದುರಾದರೆ ತಲೆ ತಗ್ಗುತ್ತದೆ, ದಾರಿ ಬದಲಿಸೋಣ ಅನ್ನಿಸುತ್ತದೆ. ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು: ಉಪಕಾರ ಮಾಡಿದವರು ಪ್ರತಿಫಲ ನಿರೀಕ್ಷಿಸುತ್ತಾರೆಂಬ ಭಾವನೆ ಹೆಚ್ಚಿದಂತೆ ಋಣಭಾರ ಹೆಚ್ಚಿತು, ಕೃತಜ್ಞತೆ ಇಳಿಯಿತು. ಎಂದರೆ ಇವೆರಡೂ ಒಂದೇ ಭಾವನೆಯ ಹೆಚ್ಚು–ಕಡಿಮೆಗಳಲ್ಲ. ಈ ಮಹಿಳೆಯ ಮಟ್ಟಿಗೆ ಕೃತಜ್ಞತೆ ಬತ್ತಿರಲಿಲ್ಲ, ಹಂಗಿನ ಅಡಿಯಲ್ಲಿ ಹೂತುಹೋಗಿತ್ತು. ನಾನು ಕೊಟ್ಟ ದಿನಚರಿ ಆ ಗುಡ್ಡೆಯ ಮೇಲೆ ಇನ್ನೊಂದು ಬುಟ್ಟಿ ಮಣ್ಣು ಸುರಿದಿತ್ತು. ದಿನಚರಿಯನ್ನು ನಿಲ್ಲಿಸಿದೆವು. ಅದು ನನ್ನ ತಪ್ಪೆಂದು ಹೇಳಿದಾಗ ಅವರು ಮೊದಲ ಬಾರಿಗೆ ನಕ್ಕರು.

ನಂತರದ ಭೇಟಿಯಲ್ಲಿ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಹೊರಗೆ ಹಾಕಿದರು. ಮೊದಲ ಮೂವತ್ತರಲ್ಲಿ ಒಬ್ಬರು ದೂರದ ಬಡಾವಣೆಗೆ ಮನೆ ಬದಲಿಸಿದ್ದರು. ಅಷ್ಟು ದೂರ ಡಬ್ಬಿ ಕಳುಹಿಸಲಾಗದೆಂದು ಹೇಳಲು ಬಾಯಿ ಬರಲಿಲ್ಲ. ಬೇಯಿಸಿದ ಆಹಾರವನ್ನು ಕೋಣೆಯ ತಾಪಮಾನದಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು, ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಯ ಕೆಳಗೆ ತಣ್ಣಗಿರಬೇಕು ಎಂಬುದನ್ನು ತಮ್ಮ ಕೆಲಸಗಾರರಿಗೆ ಅವರೇ ಪಾಠ ಮಾಡಿದ್ದರು. ಆ ಒಂದು ಡಬ್ಬಿ ಮಾತ್ರ ಹಲವು ದಿನ, ಅಡುಗೆಯಾಗಿ ಮೂರು ಗಂಟೆಗಿಂತ ಹೆಚ್ಚು ಹೊತ್ತು ಕಳೆದ ಮೇಲೆ ತಲುಪುತ್ತಿತ್ತು. ಯಾರಿಗೂ ಹೊಟ್ಟೆ ಕೆಟ್ಟಿರಲಿಲ್ಲ, ಯಾರೂ ದೂರಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು, ಮತ್ತು ನಿದ್ದೆ ಕೆಡಿಸಿದ್ದು ಮುಖ್ಯವಾಗಿ ಅದು.

ಇಲ್ಲಿ ಸಮಾಧಾನ ಹೇಳುವುದು ಸುಲಭವಿತ್ತು. ನಾನು ಹೇಳಲಿಲ್ಲ. ಎಲ್ಲ ತಪ್ಪಿತಸ್ಥ ಭಾವವೂ ರೋಗವಲ್ಲ. ಕೆಲವು ಸಲ ಅದು ಮನಸ್ಸಿನ ಆರೋಗ್ಯದ ಲಕ್ಷಣ. ಮೂವತ್ತು ಮಂದಿಗೆ ಬೆಲೆ ಏರಿಸಿದರೆ ಕೃತಘ್ನಳಾಗುತ್ತೇನೆಂಬ ಭಾವ ಹಂಗಿನದು. ಸುರಕ್ಷಿತವಲ್ಲದ ಡಬ್ಬಿ ಕಳುಹಿಸುತ್ತಿದ್ದೇನೆಂಬ ಭಾವ ನಿಜದ್ದು. ಮೊದಲನೆಯದನ್ನು ಪರೀಕ್ಷಿಸಬೇಕು, ಎರಡನೆಯದಕ್ಕೆ ತಲೆಬಾಗಬೇಕು. ಆ ಡಬ್ಬಿಯನ್ನು ಮರುದಿನದಿಂದಲೇ ನಿಲ್ಲಿಸಲು, ಆ ಗ್ರಾಹಕರಿಗೆ ನಿಜವಾದ ಕಾರಣವನ್ನೇ ಹೇಳಲು ಸಲಹೆ ಕೊಟ್ಟೆ. ಯಾರಿಗೆ ಉಪಕಾರದ ನೆನಪಿನಿಂದ ಊಟ ಕಳುಹಿಸುತ್ತಿದ್ದರೋ ಅವರನ್ನೇ ಅಪಾಯಕ್ಕೆ ಒಡ್ಡಿದ್ದು ಹಂಗಿನ ವಿಚಿತ್ರ. ಇದನ್ನು ನಾನು ಬಿಡಿಸಿ ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು.

ಹಣದ ವಿಷಯದಲ್ಲಿ ಆಪ್ತಸಲಹೆಗಾರರು ತಮ್ಮ ಎಲ್ಲೆಯನ್ನು ಅರಿತಿರಬೇಕು. ಲೆಕ್ಕಪರಿಶೋಧಕರೊಬ್ಬರ ಬಳಿ ಕುಳಿತು ಒಂದು ಡಬ್ಬಿಯ ನಿಜವಾದ ವೆಚ್ಚ ಕಂಡುಕೊಳ್ಳಿ ಎಂದಷ್ಟೇ ಹೇಳಿದೆ. ತಂದ ಲೆಕ್ಕದಲ್ಲಿ ದಿನಸಿ, ತರಕಾರಿ, ಇಂಧನ, ಡಬ್ಬಿ, ಸಾಗಣೆ, ಬಾಡಿಗೆ, ಹಾಳಾದದ್ದು, ಸಂಬಳ ಎಲ್ಲವೂ ಇದ್ದವು, ಒಂದು ಸಾಲು ಇರಲಿಲ್ಲ. ದಿನಕ್ಕೆ ಹನ್ನೊಂದು ಗಂಟೆ ದುಡಿಯುವ ತಮ್ಮ ಕೂಲಿಯನ್ನು ಅವರು ಬರೆದೇ ಇರಲಿಲ್ಲ. ಅದನ್ನು ಸೇರಿಸಿದಾಗ, ಹಳೆಯ ಬೆಲೆಯ ಮೂವತ್ತು ಡಬ್ಬಿಗಳಲ್ಲಿ ಪ್ರತಿಯೊಂದೂ ನಷ್ಟದಲ್ಲಿತ್ತು, ಆ ನಷ್ಟವನ್ನು ಹೊಸ ಗ್ರಾಹಕರು ತುಂಬಿಕೊಡುತ್ತಿದ್ದರು. "ಹಾಗಾದರೆ ನನ್ನ ಋಣವನ್ನು ತೀರಿಸುತ್ತಿರುವವರು ಬೇರೆಯವರು" ಎಂದು ಅವರೇ ಹೇಳಿದರು. ನನ್ನ ಎಷ್ಟೋ ಮಾತುಗಳಿಗಿಂತ ಈ ಒಂದು ಲೆಕ್ಕ ಹೆಚ್ಚು ಕೆಲಸ ಮಾಡಿತು.

ಬೆಲೆ ಏರಿಕೆಯ ಪತ್ರವನ್ನು ಒಟ್ಟಿಗೆ ಕುಳಿತು ತಿದ್ದಿದೆವು. ಮೊದಲ ಕರಡಿನಲ್ಲಿ "ಕ್ಷಮಿಸಿ" ಎಂಬ ಪದ ಏಳು ಸಲ ಇತ್ತು. ತಪ್ಪು ಮಾಡಿದವರು ಕ್ಷಮೆ ಕೇಳಬೇಕು, ಬೆಲೆ ಏರಿಸುವವರು ತಿಳಿಸಬೇಕು; ಈ ವ್ಯತ್ಯಾಸ ಹಿಡಿದುಕೊಂಡು ಒಂದೊಂದಾಗಿ ಹೊಡೆದುಹಾಕಿದೆವು. ಕೊನೆಗೆ ಉಳಿದದ್ದು ಐದು ವಾಕ್ಯ: ನೀವು ಮೊದಲು ನಂಬಿದಿರಿ, ಅದು ನೆನಪಿದೆ, ಇಂಥ ತಿಂಗಳಿನಿಂದ ನಿಮಗೂ ಎಲ್ಲರಿಗಿರುವ ಬೆಲೆಯೇ, ಕಾರಣ ಇಂತಿಂಥದು, ಮುಂದುವರಿಸುವುದು ಬಿಡುವುದು ನಿಮ್ಮ ಇಚ್ಛೆ, ಬಿಟ್ಟರೂ ನಮ್ಮ ನೆನಪು ಬದಲಾಗುವುದಿಲ್ಲ. ಪತ್ರ ತಲುಪಿದ ಮೇಲೆ ಬರಬಹುದಾದ ಫೋನ್ ಕರೆಗಳನ್ನು ಅಭ್ಯಾಸ ಮಾಡಿದೆವು, ನಾನು ಸಿಟ್ಟಾದ ಗ್ರಾಹಕನಾಗಿ, ಅವರು ಅವರಾಗಿ. ನನ್ನ ಅಭಿನಯ ಅಷ್ಟಕ್ಕಷ್ಟೆ, ಆದರೂ ಮೊದಲೆರಡು ಸಲ ಅವರು ಅರ್ಧಕ್ಕೇ ಸೋತು ಹಳೆಯ ಬೆಲೆಗೆ ಒಪ್ಪಿಬಿಟ್ಟರು. ನಾಲ್ಕನೆಯ ಸಲ, ಮಾತು ಮುಗಿಸಿ ಸುಮ್ಮನಿರುವುದನ್ನು ಕಲಿತರು.

ಇನ್ನೊಂದು ಗಂಟು ಬಾಕಿಯಿತ್ತು. ಗ್ರಾಹಕರೊಬ್ಬರು ತಮ್ಮ ಸಕ್ಕರೆ ಕಾಯಿಲೆಯ ವರದಿಗಳನ್ನು ಇವರಿಗೆ ತೋರಿಸುತ್ತಿದ್ದರು. ವರದಿ ಚೆನ್ನಾಗಿದ್ದರೆ ಹೊಗಳಿಕೆ, ಕೆಟ್ಟಿದ್ದರೆ ಮೌನ. ಆ ಮೌನವನ್ನು ಇವರು ತಮ್ಮ ಸೋಲೆಂದು ಬಗೆದಿದ್ದರು. ವಾರದಲ್ಲಿ ಒಬ್ಬರು ಉಣ್ಣುವ 21 ಊಟಗಳಲ್ಲಿ ನಿಮ್ಮದು 5, ಉಳಿದ 16ರ ಮೇಲೆ ನಿಮಗೆ ಹಿಡಿತವಿಲ್ಲ, ಔಷಧ ನಿದ್ದೆ ನಡಿಗೆಗಳ ಮೇಲೂ ಇಲ್ಲ ಎಂದು ಲೆಕ್ಕ ತೋರಿಸಿದೆ. ವಾಸಿಮಾಡಿದ ಶ್ರೇಯಸ್ಸನ್ನು ಒಪ್ಪಿಕೊಂಡವರು ವಾಸಿಯಾಗದ ಹೊಣೆಯನ್ನೂ ಹೊರಬೇಕಾಗುತ್ತದೆ. ಆದ್ದರಿಂದ ಮುಂದಿನ ಸಲ ಹೊಗಳಿಕೆ ಬಂದಾಗಲೇ, ವರದಿಯನ್ನು ವೈದ್ಯರಿಗೆ ತೋರಿಸಿ, ನನ್ನ ಕೆಲಸ ಊಟದ ತನಕ ಮಾತ್ರ ಎಂದು ನಗುನಗುತ್ತಲೇ ಹೇಳುವಂತೆ ಸೂಚಿಸಿದೆ. ಆರೋಗ್ಯಕರ ಆಹಾರ ಮಾರುವ ಇತರರಿಗೂ ಇದು ಅನ್ವಯಿಸುತ್ತದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಈ ಕಸುಬಿನಲ್ಲಿ ಗ್ರಾಹಕರ ಆಸೆ ಮಾರುವವರ ಮಾತಿಗಿಂತ ಮುಂದೆ ಓಡುತ್ತದೆ.

ಇವರಿಗೆ ಬರ್ನ್‌ಔಟ್ ಇತ್ತೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದು ಕರೆಯದೆ ಉದ್ಯೋಗದ ವಿದ್ಯಮಾನವೆಂದು ಗುರುತಿಸಿ, ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಸಾಮರ್ಥ್ಯ ಕುಂದುವುದು ಎಂಬ ಮೂರು ಮುಖಗಳನ್ನು ಹೇಳುತ್ತದೆ. ಮೊದಲನೆಯದು ಇವರಲ್ಲಿ ಸ್ಪಷ್ಟವಾಗಿತ್ತು. ಎರಡನೆಯದರ ಬಗ್ಗೆ ನನಗೆ ಅನುಮಾನವಿದೆ, ಯಾಕೆಂದರೆ ಅಡುಗೆಯ ಮಾತು ಬಂದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ದೂರ ಸರಿದದ್ದು ಕೆಲಸದಿಂದಲ್ಲ, ಜನರಿಂದ.

ಪತ್ರ ಹೋದ ಮೇಲೆ ಮೂವತ್ತರಲ್ಲಿ ಎಂಟು ಮಂದಿ ಬಿಟ್ಟರು. ಅವರಲ್ಲಿ ಒಬ್ಬರು ಕಟುವಾಗಿ ಮಾತಾಡಿದರು, ಅದಕ್ಕಾಗಿ ಈ ಮಹಿಳೆ ಒಂದು ಸಂಜೆ ಅತ್ತರು. ತರಕಾರಿ ವ್ಯಾಪಾರಿ, ಬಾಡಿದ ಸರಕನ್ನು ಮೊದಲ ಸಲ ಮರಳಿಸಿದಾಗ, ಏನೂ ಆಗದವನಂತೆ ಬದಲಿಸಿ ಕೊಟ್ಟ. ನಾಲ್ಕು ವರ್ಷ ಮನಸ್ಸಿನಲ್ಲಿ ಹೊತ್ತದ್ದು ಅವನಿಗೆ ಗೊತ್ತೇ ಇರಲಿಲ್ಲ. ಬಂಡವಾಳ ಹಾಕಿದ ಬಂಧುವಿನ ಜೊತೆಗಿನ ಮಾತು ಮಾತ್ರ ಇನ್ನೂ ಆಗಿಲ್ಲ. ಅದಕ್ಕೆ ಅವಸರ ಬೇಡವೆಂದೂ, ಹಣ ಮರಳಿಸುವ ಕಂತುಗಳನ್ನು ಬರವಣಿಗೆಯಲ್ಲಿ ಗೊತ್ತುಮಾಡಿಕೊಂಡ ಮೇಲೆಯೇ ಕೆಲಸಗಾರರ ವಿಷಯ ಎತ್ತಬೇಕೆಂದೂ ಹೇಳಿದ್ದೇನೆ.

ಏಳನೆಯ ಮತ್ತು ಕೊನೆಯ ಭೇಟಿಯಲ್ಲಿ ಐದನೆಯ ವರ್ಷದ ಪತ್ರದ ಬಗ್ಗೆ ಕೇಳಿದೆ. ಬರೆದಾಗಿದೆ, ಚಿಕ್ಕದಾಗಿದೆ ಎಂದರು. ಅದರಲ್ಲಿ ಋಣಿ ಎಂಬ ಪದ ಇದೆಯೇ ಎಂದು ಕೇಳುವ ಆಸೆಯಾಯಿತು, ಕೇಳಲಿಲ್ಲ. ಬಿಟ್ಟುಹೋದ ಎಂಟು ಮಂದಿಗೂ ಅದನ್ನು ಅಂಚೆಯಲ್ಲಿ ಕಳುಹಿಸುವುದಾಗಿ ಅವರಾಗಿಯೇ ಹೇಳಿದರು. ನಂತರ ಶುಲ್ಕ ಕಟ್ಟಿ, ರಸೀದಿ ಪಡೆದು, ಮಧ್ಯಾಹ್ನದ ಡಬ್ಬಿಗಳಿಗೆ ಹೊತ್ತಾಯಿತೆಂದು ಹೊರಟರು. ಅಂದು ಅವರು ಬರಿಗೈಯಲ್ಲಿ ಬಂದಿದ್ದರೆಂಬುದು ಅವರು ಬಾಗಿಲು ದಾಟಿದ ಮೇಲಷ್ಟೇ ನನ್ನ ಗಮನಕ್ಕೆ ಬಂತು.