ಕೈ ಎತ್ತಿದವರ ಸ್ವಾತಂತ್ರ್ಯ, ಎತ್ತದವರ ಪಾಡು

ಮಾನ್ಯರೇ,

ಐದು ವರ್ಷಕ್ಕೊಮ್ಮೆ ಮತ ಹಾಕಿ ಸುಮ್ಮನಾಗುವ ನಾಗರಿಕ ಸ್ವತಂತ್ರನಲ್ಲ, ಸ್ವಿಟ್ಜರ್ಲೆಂಡಿನಲ್ಲಿರುವಂತೆ ಜನರೇ ನೇರವಾಗಿ ನಿರ್ಧರಿಸಿದಾಗ ಮಾತ್ರ ವ್ಯಕ್ತಿಸ್ವಾತಂತ್ರ್ಯ ಉಳಿಯುತ್ತದೆ ಎಂದು ನೀವು ಬರೆದಿದ್ದೀರಿ. ಇದರ ಮೊದಲರ್ಧವನ್ನು ರಾಜಕೀಯ ಚಿಂತಕ ರೂಸೋ 1762ರಲ್ಲೇ ಹೇಳಿದ್ದ: ಇಂಗ್ಲೆಂಡಿನ ಜನ ಸಂಸತ್ ಸದಸ್ಯರನ್ನು ಆರಿಸುವ ಹೊತ್ತಿನಲ್ಲಷ್ಟೇ ಸ್ವತಂತ್ರರು, ಚುನಾವಣೆ ಮುಗಿದೊಡನೆ ಗುಲಾಮರು. ಆ ಮಾತಿನ ಮೊನೆ ಇಂದಿಗೂ ಮೊಂಡಾಗಿಲ್ಲ. ನನ್ನ ತಕರಾರು ಇರುವುದು ನಿಮ್ಮ ಎರಡನೆಯ ಅರ್ಧದೊಂದಿಗೆ.

ಸ್ವಿಟ್ಜರ್ಲೆಂಡಿನಲ್ಲೂ ಕಾನೂನು ರೂಪಿಸುವುದು ಎರಡು ಸದನಗಳ ಸಂಸತ್ತೇ. ಅದು ಅಂಗೀಕರಿಸಿದ ಕಾಯ್ದೆಯನ್ನು ಒಪ್ಪದವರು 100 ದಿನಗಳೊಳಗೆ 50,000 ಸಹಿ ಕೂಡಿಸಿದರೆ ಅದು ಜನಮತಕ್ಕೆ ಹೋಗುತ್ತದೆ. 18 ತಿಂಗಳೊಳಗೆ 1,00,000 ಸಹಿ ಸಂಗ್ರಹಿಸಿದವರು ಸಂವಿಧಾನದ ತಿದ್ದುಪಡಿಯನ್ನೇ ಜನರ ಮುಂದಿಡಬಹುದು. ಈ ವ್ಯವಸ್ಥೆಯನ್ನು ನಾನೂ ಮೆಚ್ಚುತ್ತೇನೆ. ಆದರೆ ಅದೇ ದೇಶದಲ್ಲಿ, ಮಹಿಳೆಯರಿಗೆ ಮತದಾನದ ಹಕ್ಕು ಕೊಡಲು ಸಂಸತ್ತು ಒಪ್ಪಿದ್ದಾಗ್ಯೂ, 1959ರಲ್ಲಿ ಮತ ಹಾಕಿದ ಗಂಡಸರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಬೇಡವೆಂದರು. ಆ ಹಕ್ಕು ದಕ್ಕಿದ್ದು 1971ರಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತ್ಯದಲ್ಲಿ ಗಂಡಸರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಚೌಕದಲ್ಲಿ ನೆರೆದು ಕೈ ಎತ್ತಿ ಮತ ನೀಡುವ ಸಂಪ್ರದಾಯವಿದೆ (ಕತ್ತಿಯೇ ಅವರ ಮತದಾರ ಗುರುತು). ಅವರು 1990ರಲ್ಲೂ ಪ್ರಾಂತ್ಯದ ವಿಷಯಗಳಲ್ಲಿ ಹೆಂಗಸರಿಗೆ ಮತವಿಲ್ಲ ಎಂದಾಗ, ಅದೇ ವರ್ಷ ಸುಪ್ರೀಂ ಕೋರ್ಟು ನಡುವೆ ಬಂದು ಹಕ್ಕು ಕೊಡಿಸಬೇಕಾಯಿತು.

ಅರ್ಧದಷ್ಟು ಜನರನ್ನು ಹೊರಗಿಟ್ಟದ್ದು ನಿಜವಾದ ನೇರ ಪ್ರಜಾಪ್ರಭುತ್ವವೇ ಅಲ್ಲ ಎಂದು ನೀವು ಹೇಳಬಹುದು. ಹಾಗಾದರೆ ಹೆಂಗಸರಿಗೂ ಮತವಿದ್ದ 2009ರ ನವೆಂಬರ್ ನೋಡಿ. ಹೊಸ ಮಿನಾರುಗಳನ್ನು ಕಟ್ಟುವುದನ್ನು ನಿಷೇಧಿಸುವ ತಿದ್ದುಪಡಿಗೆ ಶೇ. 57.5ರಷ್ಟು ಮತ ಬಿತ್ತು. ಆಗ ಇಡೀ ದೇಶದಲ್ಲಿದ್ದ ಮಿನಾರುಗಳು ನಾಲ್ಕೇ. ಸರ್ಕಾರವೂ ಸಂಸತ್ತೂ ಇದನ್ನು ತಿರಸ್ಕರಿಸಿ ಎಂದೇ ಜನರನ್ನು ಕೋರಿದ್ದವು.

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಹುಟ್ಟಿದ ರಾಜಕೀಯ ಚಿಂತಕ ಬೆಂಜಮಿನ್ ಕಾನ್‌ಸ್ಟಂಟ್ 1819ರಲ್ಲಿ ಪ್ಯಾರಿಸಿನಲ್ಲಿ ಮಾಡಿದ ಭಾಷಣದಲ್ಲಿ ಎಳೆದ ಗೆರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಧಿಕಾರದಲ್ಲಿ ಪಾಲು ಪಡೆಯುವುದು ಒಂದು ಸ್ವಾತಂತ್ರ್ಯ, ಅಧಿಕಾರದ ಕೈಗೆ ಸಿಗದೆ ತನ್ನಂತೆ ತಾನು ಬಾಳುವುದು ಇನ್ನೊಂದು. ಅಥೆನ್ಸಿನ ನಾಗರಿಕನಿಗೆ ಮೊದಲನೆಯದು ಧಾರಾಳವಾಗಿತ್ತು. ಆದರೂ ಯಾವ ಆರೋಪವೂ ಇಲ್ಲದೆ, ಬರಿಯ ಮತದಿಂದ, ಅವನನ್ನು ಹತ್ತು ವರ್ಷ ಊರಾಚೆ ಅಟ್ಟಬಹುದಿತ್ತು. ಖಾಸಗಿ ಸುಖದಲ್ಲಿ ಮುಳುಗಿ ಅಧಿಕಾರದಲ್ಲಿನ ತಮ್ಮ ಪಾಲನ್ನು ಆಧುನಿಕರು ಬಿಟ್ಟುಕೊಟ್ಟಾರು ಎಂದೂ ಕಾನ್‌ಸ್ಟಂಟ್ ಅದೇ ಭಾಷಣದಲ್ಲಿ ಎಚ್ಚರಿಸಿದ್ದ. ಅಷ್ಟರ ಮಟ್ಟಿಗೆ ಅವನು ನಿಮ್ಮ ಕಡೆಯವನೇ.

ಪ್ರತಿನಿಧಿಗಳು ಇದ್ದಮಾತ್ರಕ್ಕೆ ವ್ಯಕ್ತಿ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ; 1975ರ ತುರ್ತುಪರಿಸ್ಥಿತಿಗೆ ಅನುಮೋದನೆ ನೀಡಿದ್ದು ನಾವೇ ಆರಿಸಿ ಕಳಿಸಿದ ಸಂಸತ್ತು. ಆದ್ದರಿಂದ ಸಂಸತ್ತು ಮಾಡಿದ ಕಾಯ್ದೆಯನ್ನು ತಡೆಹಿಡಿಯುವ ಅಧಿಕಾರ ಜನರಿಗಿರಲಿ ಎಂಬ ನಿಮ್ಮ ಬೇಡಿಕೆಗೆ ನನ್ನ ಸಹಮತವಿದೆ. ಆದರೆ ಒಬ್ಬರ ಆರಾಧನೆ, ಮಾತು, ಮತದಾನದ ಹಕ್ಕು ಇವು ಮತಪೆಟ್ಟಿಗೆಗೆ ಬೀಳಕೂಡದು. ಇವಲ್ಲದೆ ಇನ್ನು ಯಾವ ವಿಷಯಗಳನ್ನು ನೀವು ಜನಮತದ ಹೊರಗೆ ಇಡುತ್ತೀರಿ ಎಂದು ಬರೆದರೆ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.

– ಸಂಪಾದಕ