ಮಳೆಮಾಪಕದ ಟೇಬಲ್: ರಸ್ಟ್‌ನಲ್ಲಿ ಕಾನ್‌ಸ್ಟ್‌ಗೆ ಟೈಪ್ ಬರೆಯಲೇಬೇಕಾ?

ನೀವು ಕೇಳಿದ್ದು ಇಷ್ಟು: ವಿರಾಜಪೇಟೆಯ ತೋಟಕ್ಕೆ ಮಳೆಮಾಪಕ, ಬಕೆಟ್ ಒಂದು ಸಲ ಮಗುಚಿದರೆ ಒಂದು ಸೆಂಟು (ಇಂಚಿನ ನೂರನೇ ಒಂದು ಭಾಗ), ಅಂದರೆ 254 ಮೈಕ್ರೋಮೀಟರ್. ಪ್ರೋಗ್ರಾಂ ಬರೆಯುತ್ತಿರುವುದು ರಸ್ಟ್ ಭಾಷೆಯಲ್ಲಿ. ಎಣಿಕೆಯಿಂದ ಮಳೆಯ ಅಳತೆ ಕೊಡುವ ಟೇಬಲ್ ಕಂಪೈಲ್ ಆಗುವಾಗಲೇ (ಕೋಡ್ ಯಂತ್ರಭಾಷೆಗೆ ಬದಲಾಗುವಾಗಲೇ) ತಯಾರಾಗಬೇಕು. ಫಂಕ್ಷನ್‌ನೊಳಗೆ ಹೆಸರಿಗೆ ಬೆಲೆ ಕೊಡುವ ಲೆಟ್‌ಗೆ ಟೈಪ್ (ಬೆಲೆ ಯಾವ ಬಗೆಯದು ಎಂಬುದು) ಬರೆಯದಿದ್ದರೂ ನಡೆಯುತ್ತದೆ, ಬದಲಾಗದ ಬೆಲೆಯ ಕಾನ್‌ಸ್ಟ್‌ಗೆ ಯಾಕೆ ಬೇಕು? ರಸ್ಟ್ ಬದಲು ಜಿಗ್ ಭಾಷೆಗೆ ಹೋಗಲಾ?

ಕಂಪೈಲರ್‌ಗೆ ಟೈಪ್ ಗೊತ್ತಾಗುವುದಿಲ್ಲ ಎಂದಲ್ಲ. ಬರೆಯದೆ ಬಿಟ್ಟು ನೋಡಿ, ಎರರ್ ಕೆಳಗೆ ಏನು ಬರೆಯಬೇಕು ಅಂತ ತಾನೇ ಹೇಳಿಕೊಡುತ್ತದೆ. ರಸ್ಟ್ ಬೇಕೆಂದೇ ಟೈಪ್ ಊಹೆಯನ್ನು ಫಂಕ್ಷನ್‌ನ ಒಡಲೊಳಗೆ ಕಟ್ಟಿಹಾಕಿದೆ. ಕಾನ್‌ಸ್ಟ್, ಸ್ಟ್ಯಾಟಿಕ್ (ಮೆಮೊರಿಯಲ್ಲಿ ಒಂದೇ ಕಡೆ ಇರುವ ಬೆಲೆ), ಫಂಕ್ಷನ್‌ನ ತಲೆಬರಹ ಇವನ್ನೆಲ್ಲ ಬೇರೆ ಫೈಲುಗಳು ನಂಬಿಕೊಂಡಿರುತ್ತವೆ. ಇಲ್ಲಿ ಒಂದು ಲೆಕ್ಕ ತಿದ್ದಿದ್ದಕ್ಕೆ ಇನ್ನೆಲ್ಲೋ ಟೈಪ್ ಬದಲಾಗಿ, ಎರರ್ ಅಲ್ಲಿ ತಲೆ ಎತ್ತಬಾರದು. ನಿಮಗೆ ಕಿರಿಕಿರಿ ಅನ್ನಿಸಿದರೂ ಇದು ಸರಿಯಾದ ನಿರ್ಧಾರ ಅನ್ನುವವನು ನಾನು.

ನಿಮ್ಮ ಕೋಡ್‌ನ ನಿಜವಾದ ಅಪಾಯ ಬೇರೆ ಕಡೆ ಇದೆ. ಟೇಬಲ್ ಯು16 (16 ಬಿಟ್‌ನ, ಋಣವಿಲ್ಲದ ಪೂರ್ಣಸಂಖ್ಯೆ) ಅಂತ ಇಟ್ಟಿದ್ದೀರಿ. ಯು16ರ ಮಿತಿ 65,535. 258 ಸೆಂಟಿಗೆ 65,532, ಹಿಡಿಸುತ್ತದೆ. 259ಕ್ಕೆ 65,786, ಹಿಡಿಸುವುದಿಲ್ಲ. ಎರಡೂವರೆ ಇಂಚು ಆಟಿ ತಿಂಗಳ ಮಳೆಗೆ ಏನೂ ಅಲ್ಲ ಅಂತ ನಿಮಗೇ ಗೊತ್ತು. ಇದೇ ಗುಣಾಕಾರ ಪ್ರೋಗ್ರಾಂ ಓಡುವಾಗ ನಡೆದರೆ, ರಿಲೀಸ್ ಬಿಲ್ಡ್‌ನಲ್ಲಿ (ಬಳಕೆಗೆ ಕೊಡುವ ಆವೃತ್ತಿಯಲ್ಲಿ) ಮಿತಿ ಮೀರಿತೇ ಎಂಬ ಓವರ್‌ಫ್ಲೋ ತಪಾಸಣೆ ಮಾಮೂಲಿಯಾಗಿ ಇರುವುದಿಲ್ಲ. ಉತ್ತರ ಸುತ್ತಿಕೊಂಡು 250 ಆಗುತ್ತದೆ. 2 ಇಂಚು 59 ಸೆಂಟು ಸುರಿದ ದಿನ ಪರದೆಯ ಮೇಲೆ ಒಂದು ಸೆಂಟೂ ಇರುವುದಿಲ್ಲ. ಕಂಪೈಲ್ ಸಮಯದಲ್ಲಿ ನಡೆದರೆ ಇ0080 ಎರರ್ ಬಂದು ಬಿಲ್ಡ್ ನಿಲ್ಲುತ್ತದೆ.

ಆದರೆ ಅದು ಸಿಕ್ಕಿಬೀಳುವುದು ನೀವು ಎಲ್ಲಿ ಟೈಪ್ ಬದಲಿಸಿದಿರಿ ಅನ್ನುವುದರ ಮೇಲೆ. ಲೂಪ್‌ನಲ್ಲಿ ಸುತ್ತು ಎಣಿಸುವ ಐಗೆ ನೀವು ಟೈಪ್ ಕೊಟ್ಟಿಲ್ಲ. ಅದರಿಂದ ಅರೇಯ, ಅಂದರೆ ಟೇಬಲಿನ, ಮನೆ ಹುಡುಕುತ್ತಿರುವುದರಿಂದ ಕಂಪೈಲರ್ ಅದನ್ನು ಯುಸೈಜ್ (ಮನೆಯ ಸಂಖ್ಯೆಗೆ ಬಳಸುವ ಪೂರ್ಣಸಂಖ್ಯೆಯ ಟೈಪ್) ಅಂತ ಊಹಿಸಿದೆ. ಮೊದಲು ಐಯನ್ನು ಯು16 ಮಾಡಿ ಆಮೇಲೆ 254ರಿಂದ ಗುಣಿಸಿದರೆ 259ರಲ್ಲಿ ಎರರ್. ಮೊದಲು ಗುಣಿಸಿ ಆವರಣ ಹಾಕಿ ಕೊನೆಗೆ 'ಆ್ಯಸ್ ಯು16' ಅಂದರೆ ಕಂಪೈಲ್ ಸಮಯದಲ್ಲೂ ತುಟಿಪಿಟಕ್ ಅನ್ನದೆ ತುದಿ ಕತ್ತರಿಸುತ್ತದೆ, ಯಾಕೆಂದರೆ ಟೈಪ್ ಬದಲಿಸುವ 'ಆ್ಯಸ್' ತಪಾಸಣೆ ಮಾಡುವುದೇ ಇಲ್ಲ. ನೀವು ಬರೆದಿರುವುದು ಈ ಎರಡನೆಯದು. ಇನ್ನೂ ಒಂದು ಮಜಾ: ಯುಸೈಜ್ ಅಳತೆ ನಿಮ್ಮ ಲ್ಯಾಪ್‌ಟಾಪಿನದಲ್ಲ, ಬೋರ್ಡಿನದು. ಇಎಸ್‌ಪಿ32-ಸಿ3 ಚಿಪ್‌ನಲ್ಲಿ ಅದು 32 ಬಿಟ್, ತಪ್ಪು ಸದ್ದಿಲ್ಲದೆ ಪಾಸಾಗುತ್ತದೆ. ಆರ್ಡುಯಿನೊ ಯೂನೊ ಬೋರ್ಡಿನ ಎಟಿಮೆಗಾ328ಪಿ ಚಿಪ್‌ನಲ್ಲಿ 16 ಬಿಟ್, ಗುಣಾಕಾರದಲ್ಲೇ ಎರರ್. ಅದೇ ಸಾಲು, ಒಂದರಲ್ಲಿ ಬಿಲ್ಡ್ ಆಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ.

ಪರಿಹಾರ: ಟೇಬಲನ್ನು ಯು32 (32 ಬಿಟ್) ಮಾಡಿ, 12 ಇಂಚಿನವರೆಗೆ, ಅಂದರೆ 0ಯಿಂದ 1200ರವರೆಗೆ 1201 ಮನೆ ಇಡಿ. ಕೊನೆಯ ಮನೆಯಲ್ಲಿ 3,04,800 ಇರಬೇಕು; ಅದನ್ನೇ ಒಂದು ಕಾನ್‌ಸ್ಟ್‌ನೊಳಗೆ ಅಸರ್ಟ್ (ಸುಳ್ಳಾದರೆ ಬಿಲ್ಡ್ ನಿಲ್ಲಿಸುವ ತಪಾಸಣೆ) ಹಾಕಿ ಖಚಿತಪಡಿಸಿಕೊಳ್ಳಿ, ರಸ್ಟ್ 1.57ರಿಂದ ಇದು ನಡೆಯುತ್ತದೆ. ಲೂಪ್‌ಗೆ ವೈಲ್ ಬಳಸಿ. ಫಾರ್ ಲೂಪ್‌ಗೆ ಇಟರೇಟರ್ ಟ್ರೇಟ್ (ಮುಂದಿನದನ್ನು ಒಂದೊಂದಾಗಿ ಕೊಡುವ ವ್ಯವಸ್ಥೆ) ಬೇಕು, ಸ್ಟೇಬಲ್ ರಸ್ಟ್‌ನ ಕಾನ್‌ಸ್ಟ್ ಫಂಕ್ಷನ್‌ನಲ್ಲಿ ಅದನ್ನು ಕರೆಯಲಾಗದು. ವೈಲ್ 1.46ರಿಂದ ಇದೆ.

ಫಂಕ್ಷನ್‌ಗೆ ಕಾನ್‌ಸ್ಟ್ ಅಂತ ಹಚ್ಚಿದ ಮಾತ್ರಕ್ಕೆ ಅದು ಕಂಪೈಲ್ ಸಮಯದಲ್ಲಿ ಓಡುತ್ತದೆ ಎಂಬ ಖಾತ್ರಿಯಿಲ್ಲ. ಓಡಬಲ್ಲದು ಅಂತ ಮಾತ್ರ ಅರ್ಥ. ಮಾಮೂಲಿ ಲೆಟ್‌ನಿಂದ ಕರೆದರೆ ಬೋರ್ಡಿನಲ್ಲೇ ಓಡಬಹುದು. ಕಾನ್‌ಸ್ಟ್ ಅಥವಾ ಸ್ಟ್ಯಾಟಿಕ್‌ಗೆ ಬೆಲೆ ಕೊಡುವಾಗ, ಅರೇಯ ಉದ್ದ ಬರೆಯುವಾಗ, 1.79ರಿಂದ ಬಂದಿರುವ ಕಾನ್‌ಸ್ಟ್ ಬ್ಲಾಕ್‌ನೊಳಗೆ ಮಾತ್ರ ಖಾತ್ರಿ. ಸಿ++ನ ಕಾನ್‌ಸ್ಟ್‌ಎಕ್ಸ್‌ಪ್ರ್‌ ಕೂಡ ಇದೇ ಜಾತಿ. ಕಡ್ಡಾಯ ಮಾಡಲು ಸಿ++20ರಲ್ಲಿ ಕಾನ್‌ಸ್ಟ್‌ಇವಾಲ್ ತಂದರು.

ಜಿಗ್ ಈ ವಿಷಯದಲ್ಲಿ ಹಗುರ, ಒಪ್ಪುತ್ತೇನೆ. ಕಾನ್‌ಸ್ಟ್‌ಗೆ ಟೈಪ್ ಬರೆಯಬೇಕಿಲ್ಲ, ಕಂಪ್‌ಟೈಮ್‌ನಲ್ಲಿ (ಕಂಪೈಲ್ ಸಮಯದಲ್ಲಿ) ಫಾರ್ ಓಡುತ್ತದೆ, ಸಂಖ್ಯೆಯ ಟೈಪ್ ಬದಲಿಸುವ ಅದರ ಇಂಟ್‌ಕ್ಯಾಸ್ಟ್‌ಗೆ ಹಿಡಿಸದ ಸಂಖ್ಯೆ ಕೊಟ್ಟರೆ ಬಿಲ್ಡ್ ನಿಲ್ಲುತ್ತದೆ. ಆದರೆ 1201 ಸುತ್ತಿನ ಲೂಪ್ ಮೊದಲ ಸಲವೇ ಮುಗ್ಗರಿಸುತ್ತದೆ: ಹಿಂದಕ್ಕೆ ನೆಗೆಯುವ ಬ್ರಾಂಚ್‌ಗಳಿಗೆ (ಲೂಪ್‌ನ ಪ್ರತಿ ಸುತ್ತಿಗೂ ಒಂದು) ಡಿಫಾಲ್ಟ್ ಮಿತಿ 1000. ಸೆಟ್‌ಇವಾಲ್‌ಬ್ರಾಂಚ್‌ಕೋಟಾ 2000 ಅಂತ ಮೇಲೊಂದು ಸಾಲು ಸೇರಿಸಬೇಕು. ಇಷ್ಟಕ್ಕಾಗಿ ಭಾಷೆ ಬದಲಿಸುವಂಥದ್ದೇನೂ ಇಲ್ಲ.

ಇನ್ನು ಜಾಗ. 1201 ಯು32 ಅಂದರೆ 4804 ಬೈಟ್. ಟೇಬಲನ್ನು ಕಾನ್‌ಸ್ಟ್ ಬದಲು ಸ್ಟ್ಯಾಟಿಕ್ ಮಾಡಿ. ಕಾನ್‌ಸ್ಟ್ ಆದರೆ ಬಳಸಿದಲ್ಲೆಲ್ಲ ಇಡೀ ಅರೇ ಸ್ಟ್ಯಾಕ್ ಮೆಮೊರಿಗೆ ನಕಲಾಗುವ ಸಂಭವವಿದೆ. ಇಎಸ್‌ಪಿ32-ಸಿ3ಗೆ 4804 ಲೆಕ್ಕಕ್ಕಿಲ್ಲ. ಎಟಿಮೆಗಾ328ಪಿಯಲ್ಲಿ ರ‍್ಯಾಮ್ ಇರುವುದೇ 2048 ಬೈಟ್, ಓದಲಷ್ಟೇ ಇರುವ ಡೇಟಾ ಕೂಡ ಮಾಮೂಲಿಯಾಗಿ ಅಲ್ಲಿಗೇ ಬಂದು ಕೂರುತ್ತದೆ. ಅಲ್ಲಿ ಟೇಬಲ್ ಆಸೆ ಬಿಟ್ಟು ಯು32ರಲ್ಲಿ ನೇರವಾಗಿ 254ರಿಂದ ಗುಣಿಸಿ. ನಿಜ ಹೇಳಬೇಕೆಂದರೆ ಬರೀ ಗುಣಾಕಾರಕ್ಕೆ ಯಾವ ಬೋರ್ಡಿನಲ್ಲೂ ಟೇಬಲ್ ದಂಡ. ಜೋರು ಮಳೆಯಲ್ಲಿ ಬಕೆಟ್ ಮಗುಚುವಷ್ಟರಲ್ಲಿ ಸ್ವಲ್ಪ ನೀರು ಎಣಿಕೆ ತಪ್ಪಿ, ಮಾಪಕ ಕಡಿಮೆ ತೋರಿಸುತ್ತದೆ. ನಿಮಿಷಕ್ಕೆ ಎಷ್ಟು ಸಲ ಮಗುಚಿತು ಅನ್ನುವುದರ ಮೇಲೆ ಆ ತಿದ್ದುಪಡಿ ಹಾಕುವುದಿದ್ದರೆ ಟೇಬಲ್ ಕಟ್ಟಿ; ಅದಕ್ಕೆ ಕೆಲವೇ ಹತ್ತು ಮನೆ ಸಾಕು, ಯೂನೊದಲ್ಲೂ ಹಿಡಿಸುತ್ತದೆ.